ನೀರಿಗೆ ಹೆದರುತ್ತಿದ್ದ ಮಾರಿಯಪ್ಪ

ನನ್ನ ಗಂಡ ಪುಕ್ಕಲು. ಹೆಸರು ಮಾರಿಯಪ್ಪ. ಅವರಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ಈಗ ಆಡುತ್ತೇನೆ. ನಾನೂ ಆಡದಿದ್ದರೆ ಈ ಮನೆಯಲ್ಲಿ ಆಡುವವರು ಯಾರೂ ಇಲ್ಲ.

ಅವರಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಸೇಲಂನ ಗುಗೈಯ ನಮ್ಮ ನೇಕಾರರ ಬೀದಿಯವರೆಲ್ಲ ತಿರುಮಣಿಮುತ್ತಾರು ಹೊಳೆಗೆ ಇಳಿದು ಮೀಯುವಾಗ ಇವರು ದಡದಲ್ಲಿ ಕೂತು ಚೊಂಬಿನಲ್ಲಿ ಹುಯ್ದುಕೊಳ್ಳುತ್ತಿದ್ದರು. ಒಣನೆಲದ ಮೇಲೆ ನಡೆಯುವಾಗಲೂ ಮುಂಗಾಲನ್ನು ಮೆಲ್ಲಗೆ ಇಟ್ಟು, ಮಗ್ಗದ ಗುಂಡಿಯೊಳಗೆ ತುಳಿಯುವ ಹಲಗೆಯನ್ನು ತಡಕುವ ಹಾಗೆ ನೆಲವನ್ನು ತಡಕಿ, ಅದು ನಿಂತೈತೆ ಅಂತ ನಂಬಿಕೆ ಬಂದ ಮೇಲೆ ಮೈಭಾರ ಬಿಡುತ್ತಿದ್ದರು. ಯಾರು ಏನು ಹೇಳಿದರೂ "ದಿಟವಾ?" ಅಂತ ಎರಡು ಸಲ ಕೇಳಬೇಕು. ಬೀದಿಯಲ್ಲಿ ಅವರಿಗೆ ದಿಟವಾ ಮಾರಿಯಪ್ಪ ಅಂತಲೇ ಹೆಸರು. ನನಗೆ ನಾಚಿಕೆಯಾಗುತ್ತಿತ್ತು.

ಇಂಥವರು ಪ್ರತಿ ಕಾರ್ತಿಕದಲ್ಲಿ ಸೀರೆಗಂಟು ಹೊತ್ತು ರೈಲು ಹತ್ತಿ ಕಡಲ ದಡಕ್ಕೆ ಹೋಗುತ್ತಿದ್ದರು. ಅಲ್ಲಿ ಒಂದು ಬೆಸ್ತರ ಕುಪ್ಪ, ನಲವತ್ತು ಗುಡಿಸಲು. ಆ ಹೆಂಗಸರಿಗೆ ಇವರು ನೇಯ್ದ ಕೆಂಪಂಚಿನ ಸೀರೆಯೇ ಆಗಬೇಕು. ಮೆಟ್ಟೂರು ಅಣೆ ಕಟ್ಟಿ ಮುಗಿದ ವರುಷ ನಾನೂ ಜೊತೆಗೆ ಹೋದೆ.

ಕುಪ್ಪಕ್ಕೆ ಎರಡು ಮೈಲಿಯಲ್ಲಿ ಬಂದರಿನ ಊರು, ಅಲ್ಲಿ ಒಂದು ಎತ್ತರದ ಕಂಬ. ಕಡಲಲ್ಲಿ ಬಿರುಗಾಳಿ ಎದ್ದಿತು ಅಂತ ತಂತಿ ಬಂದರೆ ಆ ಕಂಬಕ್ಕೆ ಕಪ್ಪು ಕೂಂಡು ಏರಿಸುತ್ತಾರೆ. ಕೂಂಡು ಅಂದರೆ ಬೆತ್ತದ ಪಂಜರಕ್ಕೆ ಬಟ್ಟೆ ಹೊದಿಸಿದ್ದು. ನಂಬರು ಏರಿದಷ್ಟೂ ಅಪಾಯ. ಇವರು ದಿನಾ ಬೆಳಿಗ್ಗೆ ಅಷ್ಟು ದೂರ ನಡೆದು ಅದನ್ನು ನೋಡಿ ಬರುತ್ತಿದ್ದರು. ಆ ದಿನ ನಾನೂ ಹೋಗಿದ್ದೆ.

"ಎಂಟನೇ ನಂಬರು," ಅಂದ ಕಂಬದ ಕೆಳಗಿನ ಆಳು.

"ದಿಟವಾ?"

"ದಿಟ."

"ದಿಟವಾ?"

"ಯೋವ್, ನಾನೇನ್ ನಿನ್ ಮಾಮನಾ, ನಿನ್ನತ್ರ ಆಟ ಆಡಕ್ಕೆ? ಓಗಿ ಮೇಡು ಸೇರ್ಕೋ."

ಮೇಡು ಅಂದರೆ ದಿಬ್ಬ. ಕುಪ್ಪದ ಹಿಂದೆ ಒಂದು ಉಪ್ಪುನೀರಿನ ಹಳ್ಳ, ಅದರಾಚೆ ದಿಬ್ಬದ ಮೇಲೆ ಕಲ್ಲಿನ ಚತ್ರ. ನಾವು ವಾಪಸು ಬರುವಷ್ಟರಲ್ಲಿ ಹಳ್ಳದಲ್ಲಿ ಮೊಣಕಾಲುದ್ದ ಇದ್ದ ನೀರು ತೊಡೆಗೆ ಬಂದಿತ್ತು. ಗಂಡಸರು ಕಟ್ಟುಮರಗಳನ್ನು ಮೇಲಕ್ಕೆಳೆದು ತೆಂಗಿಗೆ ಬಿಗಿಯುತ್ತಿದ್ದರು. ಇವರು ಮನೆಮನೆಗೂ ಹೋಗಿ ಎಂಟನೇ ನಂಬರು ಅಂದರು. ಯಾರೂ ಏಳಲಿಲ್ಲ.

"ಓದ ವಾರಾನೂ ಕೂಂಡು ಏರ್ಸಿದ್ರು, ಬಂದಿದ್ದು ನಾಲ್ಕು ಅನಿ," ಅಂದಳು ರಾಜಾತಿ. ಕುಪ್ಪದ ಹೆಂಗಸರಿಗೆಲ್ಲ ಹಿರಿಯಳು ಅವಳು. ಸೇಲಂನವರು ಅಂತ ಇವರನ್ನು ಸೇಲತ್ತಾರ್ ಅನ್ನುತ್ತಿದ್ದಳು. "ಸೇಲತ್ತಾರೆ, ನೀವು ಬೆಟ್ಟದ ಸೀಮೆಯವ್ರು. ನೀವು ಓಗಿ."

ಹಳ್ಳದ ದಡಕ್ಕೆ ಬಂದೆವು. ಇವರು ಕಾಲಿಡಲಿಲ್ಲ.

"ಬನ್ನಿ, ನಾನ್ ಇಡ್ಕೊಂತೀನಿ," ಅಂದೆ.

"ನಿನ್ನೊಬ್ಳ ಕೈ ಸಾಲ್ದು ಕಣೇ."

ತಿರುಗಿ ಸೀದಾ ರಾಜಾತಿಯ ಬಾಗಿಲಿಗೆ ಹೋಗಿ ನಿಂತರು. "ಅಮ್ಮಾ, ನಂಗೆ ಬಯ ಆಗ್ತೈತೆ. ಒಬ್ನೇ ದಾಟಾಕಾಗಾಕಿಲ್ಲ. ದಾಟಿಸ್ಬಿಡಿ."

ರಾಜಾತಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಈ ಮೀಸೆ ಒತ್ಕೊಂಡು ಇಂಗೆ ಕೇಳ್ತೀರಲ್ಲ. ಎಷ್ಟು ಜನ ಬೇಕು ನಿಮ್ಗೆ?"

"ಎಲ್ಲಾರೂ."

ಗಂಟು ಬಿಚ್ಚಿದರು. ಮಗ್ಗದಿಂದ ಇಳಿಸಿ ಇನ್ನೂ ಕತ್ತರಿಸದ ಐದು ಸೀರೆ, ಒಂದೇ ಉದ್ದ. ನಮ್ಮ ಬೀದಿಯಲ್ಲಿ ಹಾಸಿನ ನೂಲು ಚಾಚಿ ಗಂಜಿ ಹಚ್ಚುವಾಗ ಇಡೀ ಬೀದಿಯ ಜನ ಎರಡೂ ಕಡೆ ನಿಂತು ಹಿಡಿಯುತ್ತಾರೆ, ಕೆಲಸ ಮುಗಿಯುವ ತನಕ ಒಬ್ಬರೂ ಕೈ ಬಿಡುವ ಹಾಗಿಲ್ಲ. ಹಾಗೇ ಕುಪ್ಪದ ಹೆಂಗಸರೆಲ್ಲರ ಕೈಯಲ್ಲಿ ಹಿಡಿಸಿದರು. ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬರಲಾಗುತ್ತದೆಯೇ, ಸೊಂಟಕ್ಕೇರಿಸಿಕೊಂಡರು. ಮುದುಕಿಯರು ತಮಾಷೆ ನೋಡಲು ಬಂದು ಅವರೂ ಹಿಡಿದರು. ನಡುವೆ ಇವರು, ಕಣ್ಣು ಮುಚ್ಚಿಕೊಂಡು, "ಸಡ್ಲ ಬಿಡ್ಬ್ಯಾಡಿ, ಸಡ್ಲ ಬಿಡ್ಬ್ಯಾಡಿ" ಅನ್ನುತ್ತ, ಹೆಂಗಸರ ನಗುವಿನ ನಡುವೆ ದಾಟಿದರು.

"ಸರಿ, ಮಾಪಿಳ್ಳೆ ದಡ ಸೇರ್ದ. ನಡೀರಿ ಓಗಾನ," ಅಂತ ಇವರನ್ನು ಮದುಮಗನೆಂದು ಗೇಲಿ ಮಾಡಿ ರಾಜಾತಿ ತಿರುಗಿದಳು. ನೀರು ಸೊಂಟದ ಮಟ್ಟಕ್ಕೆ ಬಂದಿತ್ತು. ಅವಳು ನೋಡುತ್ತಿದ್ದ ಹಾಗೇ ಗಾಳಿ ಬೀಸಿ ಅವಳ ಗುಡಿಸಲಿನ ಸೂರು ಎದ್ದು ಹೋಯಿತು. ಆಮೇಲೆ ಯಾರೂ ನಗಲಿಲ್ಲ. ಇವರು ಸೀರೆಯ ಒಂದು ತುದಿಯನ್ನು ಚತ್ರದ ಕಂಬಕ್ಕೆ ಕಟ್ಟಿದರು. ರಾಜಾತಿ ಇನ್ನೊಂದು ತುದಿ ಹಿಡಿದು ಮತ್ತೆ ನೀರಿಗಿಳಿದು ಆಚೆ ದಡದ ತೆಂಗಿಗೆ ಬಿಗಿದು, ಗಂಡಸರನ್ನು ಬೈದು ಕರೆದಳು. ಹೆಂಡಿರೆಲ್ಲ ಈಚೆ ಇದ್ದಾಗ ಅವರಿಗೆ ಅಲ್ಲೇನು ಕೆಲಸ? ಎದೆಮಟ್ಟ ನೀರಲ್ಲಿ ಆ ಬಟ್ಟೆ ಹಿಡಿದು ಬಂದರು.

ಬೆಳಿಗ್ಗೆ ನಿಂತಿದ್ದು ಆರು ಗುಡಿಸಲು. ಜನರನ್ನು ಎಣಿಸಿದರು. ಒಬ್ಬರೂ ಕಡಿಮೆ ಇರಲಿಲ್ಲ.

ಗುಗೈಯಲ್ಲಿ ಈಗಲೂ ಮಾರಿಯಪ್ಪ ಎಂಥಾ ಯುಕ್ತಿವಂತ ಅನ್ನುತ್ತಾರೆ. ಯುಕ್ತಿ ಅಲ್ಲ. ನೀರಲ್ಲಿ ಅವರ ಪಕ್ಕದಲ್ಲಿ ಇದ್ದವಳು ನಾನು. ನನ್ನ ಮಣಿಕಟ್ಟಿನಲ್ಲಿ ಅವರ ಉಗುರಿನ ಗುರುತು ಎಂಟು ದಿನ ಇತ್ತು.

ಈ ವರುಷ ಆಷಾಢ ತಿಂಗಳಲ್ಲಿ ಜ್ವರ ಬಂದು ಹೋದರು. ಮೂರೇ ದಿನ. ಮಗ್ಗದ ಮೇಲಿದ್ದ ಸೀರೆಯನ್ನು ನಾನೇ ನೇಯ್ದು ಮುಗಿಸಿ, ಕಾರ್ತಿಕದಲ್ಲಿ ಗಂಟು ಹೊತ್ತು ಒಬ್ಬಳೇ ಹೋದೆ. ನಾನಿದ್ದಾಗ ಎರಡು ಸಲ ಕೂಂಡು ಏರಿತು. ಎರಡು ಸಲವೂ ನಾನು ಹೇಳುವ ಮುಂಚೆಯೇ ಕುಪ್ಪದವರು ಹಳ್ಳ ದಾಟಿದ್ದರು. ಬಿರುಗಾಳಿ ಬರಲಿಲ್ಲ. ಕೂಂಡನ್ನು ಬೈಯುತ್ತ ವಾಪಸು ಬಂದರು. ಎರಡನೇ ಸಲ ರಾಜಾತಿ ಅಕ್ಕಿ, ಮಡಕೆ ಎರಡೂ ಹೊತ್ತು ತಂದಿದ್ದಳು, ಚತ್ರದಲ್ಲಿ ಉಂಡೆವು. ಅವರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡಿದ್ದು ಅವತ್ತು.

ಧೈರ್ಯವಂತರನ್ನು ನಾನು ಬಹಳ ನೋಡಿದ್ದೇನೆ. ನೀರು ಎಷ್ಟಿದ್ದರೂ ತಾವು ಈಜಿ ಹೋಗುತ್ತಾರೆ, ಹಿಂದೆ ಯಾರಿದ್ದಾರೆ ಅಂತ ನೋಡುವ ಗರಜು ಅವರಿಗಿಲ್ಲ. ಹೆದರುವವರಿಗೆ ಒಬ್ಬರೇ ದಾಟಲು ಬಾರದು. ಊರನ್ನೆಲ್ಲ ಕರೆಯುತ್ತಾರೆ, ನಾಚಿಕೆ ಬಿಟ್ಟು ಕರೆಯುತ್ತಾರೆ. ಪ್ರತಿ ಊರಿಗೂ ಇಂಥವರು ಒಬ್ಬರಾದರೂ ಬೇಕು. ಅವರನ್ನು ಕಟ್ಟಿಕೊಂಡವಳು ನಾಚಿಕೊಳ್ಳಬೇಕಾಗಿಲ್ಲ.