ಏಲಕ್ಕಿ ಡಬ್ಬಿಯ ಬಲ್ಬು

ಗ್ಯಾರೇಜಿಗೆ ಬಂದು ಗೋಳು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಾಡಿಗೆ ಏನಾಗಿದೆ ಹೇಳಿ, ಮಿಕ್ಕಿದ್ದು ಮನೆಯಲ್ಲಿಟ್ಟುಕೊಳ್ಳಿ ಎಂದು ಮುಖಕ್ಕೆ ಹೊಡೆದಂತೆ ಹೇಳುವವನು ನಾನು. ಆದರೆ ಕೊಟ್ರಬಸಪ್ಪನವರು ಗೋಳೇನೂ ಹೇಳಲಿಲ್ಲ. ಭದ್ರಾವತಿಯಿಂದ ಟೆಂಪೋಗೆ ಹಗ್ಗ ಕಟ್ಟಿ ಕಾರನ್ನು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದವರು, ಹಳೇ ಟೈರುಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರ ಹೆಂಡತಿ ಸುಭದ್ರಮ್ಮ ತೀರಿಕೊಂಡು ಹದಿನಾರು ದಿನವಾಗಿತ್ತು.

"ಅಕ್ರಂ, ರಿಪೇರಿಗೆ ತಂದಿಲ್ಲ. ಒಂದೇ ಒಂದು ನೋಡಿ ಹೇಳು. ಅವತ್ತು ಇಂಜಿನ್ ದೀಪ ಬಂದಿತ್ತಾ? ನಾನು ನೋಡ್ಲಿಲ್ವಾ?"

ಅವತ್ತು ಎದೆನೋವು ಎಂದ ಸುಭದ್ರಮ್ಮನನ್ನು ಕೂರಿಸಿಕೊಂಡು ಅವರು ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದರು. ಮಾಚೇನಹಳ್ಳಿ ದಾಟಿದ ಮೇಲೆ ಕಾರು ನಿಂತೇಹೋಯಿತು. ಬೇರೆ ಗಾಡಿ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಆಕೆ ಹೋಗಿಬಿಟ್ಟಿದ್ದರು.

"ನನ್ನ ಎಡಗಣ್ಣಿಗೆ ಪೊರೆ ಬಂದಿದೆಯಲ್ಲ," ಎಂದರು. "ದೀಪ ಉರೀತಾನೇ ಇದ್ದಿರಬೇಕು, ನಿಮಗೆ ಕಂಡಿರಲ್ಲ ಅಪ್ಪಾಜಿ ಅಂತಾಳೆ ಸೌಂದರ್ಯ. ಮಗಳು ಸಿಟ್ಟಲ್ಲಿ ಅಂದಿದ್ರೆ ತಡ್ಕೊಬಹುದಿತ್ತು. ಅಳ್ತಾ ಅಂದ್ಲು."

ಆ ದೀಪ ಉರಿದಿರಲು ಸಾಧ್ಯವೇ ಇರಲಿಲ್ಲ. ಅದರ ಬಲ್ಬನ್ನು ಕಿತ್ತವನು ನಾನೇ.

ಕೊಟ್ರಬಸಪ್ಪನವರದು ಭದ್ರಾವತಿಯ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷದ ಸರ್ವಿಸು. ಅಲ್ಲಿ ದೀಪ ಹತ್ತಿದರೆ ಮೆಷಿನ್ ನಿಲ್ಲಿಸಬೇಕು, ಮೇಲಿನವರು ಬಂದು ನೋಡುವ ತನಕ ಕೈ ಹಾಕಬಾರದು. ರಿಟೈರಾಗಿ ಕಾರು ಕೊಂಡ ಮೇಲೂ ಅದೇ ಕಾನೂನು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತೋ, ಎಲ್ಲಿದ್ದರೆ ಅಲ್ಲೇ ಗಾಡಿ ನಿಲ್ಲಿಸಿ ನನಗೆ ಫೋನು. ಕಲಬೆರಕೆ ಪೆಟ್ರೋಲಿಗೂ ಅದು ಹತ್ತುತ್ತದೆ, ನಿಧಾನಕ್ಕೆ ಓಡಿಸಿಕೊಂಡು ಬನ್ನಿ ಎಂದರೆ ಕೇಳಬೇಕಲ್ಲ. ಒಂದು ಸಲ ಹೊಳೆಹೊನ್ನೂರಿನಲ್ಲಿ ಸುಭದ್ರಮ್ಮನ ತಮ್ಮನ ಮಗಳ ಮದುವೆ. ಇವರು ದಾರಿಯಲ್ಲಿ ಗಾಡಿ ನಿಲ್ಲಿಸಿ ಕೂತರು. ನಾನು ಹೋಗಿ ನೋಡಿ ಕಳಿಸುವಷ್ಟರಲ್ಲಿ ಅಲ್ಲಿ ಮುಹೂರ್ತ ಮುಗಿದಿತ್ತು.

ಮುಂದಿನ ವಾರ ಗಾಡಿಯನ್ನು ಶೆಡ್ಡಿನಲ್ಲಿ ಬಿಟ್ಟು ಗಂಡ ಗಾಂಧಿ ಬಜಾರಿಗೆ ಹೋಗಿದ್ದಾಗ ಸುಭದ್ರಮ್ಮ ನನ್ನ ಹತ್ತಿರ ಬಂದರು. "ಆ ಹಾಳು ದೀಪ ಕಿತ್ತುಬಿಡು ಮಾರಾಯ. ಅದು ಬಂದ್ರೆ ಇವರು ರಾತ್ರಿ ಊಟ ಸೇರ್ದೆ ಒದ್ದಾಡ್ತಾರೆ. ಇವರಿಗೆ ಹೇಳ್ಬೇಡ, ನನ್ನಾಣೆ."

ಬೇಡಮ್ಮ ಎಂದೆ. ಆಕೆ ಬಿಡಲಿಲ್ಲ. ನನಗೂ ಅವರ ಫೋನು ಸಾಕಾಗಿತ್ತು, ಸುಳ್ಳು ಯಾಕೆ. ಮೀಟರ್ ಬಿಚ್ಚಿ ಬಲ್ಬು ತೆಗೆದು ಆಕೆಯ ಕೈಗಿಟ್ಟೆ. ಸರ್ವಿಸಿಗೆ ಬಂದಾಗ ತಿರುಗಿ ಹಾಕಬೇಕು ಎಂದುಕೊಂಡಿದ್ದೆ. ಗಾಡಿ ಎರಡು ಸಲ ಸರ್ವಿಸಿಗೆ ಬಂತು. ಎರಡು ಸಲವೂ ಮರೆತೆ.

ಈಗ ಕೀ ತಿರುಗಿಸಿದೆ. ಬ್ಯಾಟರಿ, ಆಯಿಲು, ಎಲ್ಲ ದೀಪ ಹತ್ತಿದವು. ಇಂಜಿನ್ ದೀಪದ ಜಾಗ ಮಾತ್ರ ಕತ್ತಲೆ.

ಆಕೆ ಬಲ್ಬನ್ನು ಕಾರಿನಲ್ಲೇ ಇಟ್ಟಿರಬಹುದೆಂದು ಡ್ಯಾಶ್‌ಬೋರ್ಡಿನ ಖಾನೆ ತೆಗೆದೆ. ಒಳಗೆ ಸುಭದ್ರಮ್ಮನ ಏಲಕ್ಕಿ ಡಬ್ಬಿ ಇತ್ತು. ಕಾರು ಹತ್ತಿದರೆ ವಾಕರಿಕೆ ಬರುತ್ತದೆಂದು ಆಕೆ ಏಲಕ್ಕಿ ಅಗಿಯುತ್ತಿದ್ದರು. ಮುಚ್ಚಳ ತೆಗೆದರೆ ಏಲಕ್ಕಿಗಳ ನಡುವೆ ಕ್ಯಾಲೆಂಡರ್ ಕಾಗದದ ಪೊಟ್ಟಣ, ಅದರೊಳಗೆ ಬಲ್ಬು. ಕಾಗದವನ್ನು ಜೇಬಿಗೆ ತುರುಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ.

ಮೀಟರ್ ಬಿಚ್ಚಿ ಬಲ್ಬು ಹಾಕಿ ಮತ್ತೆ ಕೀ ತಿರುಗಿಸಿದೆ. ಹಳದಿ ದೀಪ ಹತ್ತಿತು. ಕಾರಿನ ಕಂಪ್ಯೂಟರಿನ ಎರಡು ಪಿನ್ನಿಗೆ ವೈರು ಕೊಟ್ಟರೆ ಆ ದೀಪ ಮಿನುಗುತ್ತದೆ. ಎಷ್ಟು ಸಲ ಎಂದು ಎಣಿಸಿದರೆ ಯಾವ ಪಾರ್ಟು ಕೆಟ್ಟಿದೆ ಎಂದು ತಿಳಿಯುತ್ತದೆ. ಕೊಟ್ರಬಸಪ್ಪನವರು ಎದ್ದು ಬಂದು ಕಿಟಕಿಯಲ್ಲಿ ಬಗ್ಗಿ, ಒಳ್ಳೆಯ ಕಣ್ಣಿನಿಂದ ನೋಡುತ್ತಾ ನನ್ನ ಜೊತೆ ಎಣಿಸಿದರು. ನಾಲ್ಕು ಸಲ, ಬಿಟ್ಟು ಎರಡು ಸಲ. ಇಂಜಿನ್ ತಿರುಗುವುದನ್ನು ನೋಡಿಕೊಳ್ಳುವ ಸೆನ್ಸರು ಹೋಗಿತ್ತು. ಈ ಗಾಡಿಯಲ್ಲಿ ಅದು ಒಂದೇ ದಿನಕ್ಕೆ ಸಾಯುವ ಪಾರ್ಟಲ್ಲ. ಬಲ್ಬು ಇದ್ದಿದ್ದರೆ ವಾರಗಟ್ಟಲೆ ಮೊದಲೇ ದೀಪ ಹತ್ತಿರುತ್ತಿತ್ತು, ಇವರು ಗಾಡಿ ನಿಲ್ಲಿಸಿ ನನಗೆ ಫೋನು ಮಾಡಿರುತ್ತಿದ್ದರು.

"ಈಗ ಬಂತಲ್ಲ ದೀಪ," ಎಂದರು. "ಹಂಗಾದ್ರೆ ಅವತ್ತೂ ಇತ್ತು."

"ಇರ್ಲಿಲ್ಲ ಸಾರ್. ಬಲ್ಬೇ ಇರ್ಲಿಲ್ಲ. ಈಗ ಹಾಕ್ದೆ."

"ಬಲ್ಬು ಎಲ್ಲಿತ್ತು?"

"ನನ್ನ ಹತ್ರ. ಹೋದ ವರ್ಷ ನಾನೇ ಕಿತ್ತಿದ್ದೆ. ನೀವು ಪದೇ ಪದೇ ಫೋನ್ ಮಾಡ್ತಿದ್ರಿ, ಬೇಜಾರಾಗಿತ್ತು."

"ಯಾರಾದ್ರೂ ಹೇಳಿದ್ರಾ?"

ಆಣೆ ಹಾಕಿಸಿಕೊಂಡವರು ಮಣ್ಣಿನಲ್ಲಿದ್ದರು. ಹೇಳಿಬಿಟ್ಟರೆ ನನ್ನ ಭಾರ ಅರ್ಧ ಇಳಿಯುತ್ತಿತ್ತು. ಆದರೆ ಗಂಡ ಕೊರಗಬಾರದೆಂದು ದೀಪ ತೆಗೆಸಿದ ಹೆಂಗಸು ಅದರಿಂದಲೇ ಸತ್ತಳು ಎಂದು ಈ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ?

"ಯಾರೂ ಇಲ್ಲ ಸಾರ್. ತಪ್ಪು ನಂದೇ."

ಅವರು ಹೊಡೆದರೆ ಹೊಡೆಸಿಕೊಳ್ಳೋಣ ಎಂದು ನಿಂತೆ. ಅವರು ಮೊಬೈಲ್ ತೆಗೆದು ಮಗಳಿಗೆ ಫೋನ್ ಮಾಡಿದರು. "ದೀಪ ಬಂದೇ ಇರ್ಲಿಲ್ಲ ಕಣವ್ವ. ನನ್ನ ಕಣ್ಣು ತಪ್ಪಿದ್ದಲ್ಲ," ಎಂದವರಿಗೆ ಮುಂದೆ ಮಾತು ಬರಲಿಲ್ಲ. ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಮೈ ಉರಿಯಲಿಲ್ಲ. ನಾನೂ ಕಾರಿನ ಆ ಬದಿಗೆ ಹೋಗಿ ಅತ್ತೆ.

ಆಮೇಲೆ ಅವರು ಖಾನೆಯಿಂದ ಏಲಕ್ಕಿ ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆಗೆದು ಮೂಸಿ ಮತ್ತೆ ಮುಚ್ಚಿದರು. ಕಾರಿನ ಕೀ ಕೇಳಲಿಲ್ಲ.

"ಇನ್ನು ನಿನ್ನ ಮುಖ ನೋಡಲ್ಲ ಅಕ್ರಂ," ಎಂದರು. "ಅವಳು ನಿನ್ನನ್ನ ಮಗ ಅಂತಿದ್ಲು. ನೀನು ಮಾಡಿದ್ದು ಗೊತ್ತಾಗಿದ್ರೆ ನಿನ್ನ ಗ್ರಹಚಾರ ಬಿಡಿಸ್ತಿದ್ಲು."

ಕ್ಯಾಲೆಂಡರ್ ಕಾಗದ ನನ್ನ ಜೇಬಿನಲ್ಲೇ ಇತ್ತು.

"ಹೌದು ಸಾರ್," ಎಂದೆ. "ಬಿಡಿಸ್ತಿದ್ರು."