ಹದಿನಾಲ್ಕು ತಾಯಂದಿರ ಗುಂಡ

“ಹಲ್ಲು ಕಿರಿಯೇ, ದರಿದ್ರದವಳೇ! ಮಗು ದಪ್ಪ ಆಗಿದೆ ಅಂದ್ರೆ ಹೆಣ ಹೊತ್ತವಳ ಥರ ಕೂತಿದೀಯಲ್ಲ!”

ಆರೋಗ್ಯ ಕೇಂದ್ರದ ಮೇಡಂ ಗದರಿದ್ದು ಭಟ್ಟಿಯಲ್ಲಿ ಇಟ್ಟಿಗೆ ಹೊರುವವಳಿಗೆ. ಅವಳ ತೊಡೆಯ ಮೇಲೆ ಕೇಕೆ ಹಾಕುತ್ತಿದ್ದ ಗುಂಡ ಅವಳ ಮಗುವಲ್ಲ, ಮೇಡಂ ಮಗಳ ಮಗ. ತಾಯಿಹಾಲು, ಡಬ್ಬದ ಹಾಲು ಎರಡನ್ನೂ ಹೀರಿ ಒಂಬತ್ತು ಕಿಲೋ ತೂಗುವ ಭೂಪ. ಇಟ್ಟಿಗೆ ಹೊರುವವಳ ಸ್ವಂತ ಕೂಸು ಬೆಂಚಿನ ಮೇಲೆ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಎಂಟು ತಿಂಗಳಿಗೆ ನಾಲ್ಕೇ ಕಿಲೋ. ಅದು ಅಳುವುದನ್ನು ಬಿಟ್ಟು ಮೂರು ದಿನವಾಗಿತ್ತು.

ಭಟ್ಟಿಯ ಮಕ್ಕಳೆಲ್ಲ ತಿಂಗಳೊಳಗೆ ತೂಕ ಹೆಚ್ಚಿಸಿಕೊಳ್ಳಬೇಕು, ಫೋಟೋ ಸಮೇತ ವರದಿ ಬರಬೇಕು ಎಂದು ಮೇಲಿನಿಂದ ಆಜ್ಞೆಯಾಗಿತ್ತು. ಓದು ಬಾರದ ಕೂಸುಗಳು ಆಜ್ಞೆ ಪಾಲಿಸಲಿಲ್ಲ. ಮೇಡಂ ಪಾಪ ಏನು ಮಾಡಿಯಾರು? ಮನೆಯಿಂದ ಮೊಮ್ಮಗನನ್ನೇ ಎತ್ತಿಕೊಂಡು ಬಂದರು. ಬೆಳಿಗ್ಗೆಯಿಂದ ಅವನು ಹದಿಮೂರು ತಾಯಂದಿರ ತೊಡೆಯೇರಿ, ಹದಿಮೂರು ಸಲ ತಕ್ಕಡಿ ಹತ್ತಿ ಇಳಿದಿದ್ದ. ಹೆಣ್ಣುಮಕ್ಕಳ ಸರದಿಯಲ್ಲಿ ತಲೆಗೆ ರಿಬ್ಬನ್ ಕಟ್ಟಿದರು. ಇವಳದು ಹದಿನಾಲ್ಕನೆಯ ಸರದಿ.

ಫೋಟೋ ಆಯಿತು. ಗುಂಡನ ಅಂಗಾಲಿಗೆ ಮಸಿ ಹಚ್ಚಿ, ಮಗುವಿನ ತೂಕ ಬರೆಯುವ ಅವಳ ‘ತಾಯಿ ಕಾರ್ಡಿ’ಗೂ ಒತ್ತಿದರು.

“ಹಾಲಿನ ಪುಡಿ, ಮೇಡಂ?”

“ಒಂಬತ್ತು ಕಿಲೋ ಮಗುಗೆ ಯಾವ ಪುಡಿಯೇ? ಲಿಸ್ಟಿಂದ ಹೆಸರು ತೆಗೆದಾಯ್ತು.”

“ದೊಡ್ಡಾಸ್ಪತ್ರೆಗೆ ಚೀಟಿನಾದ್ರೂ ಬರ್ಕೊಡಿ. ಕೂಸು ಕಣ್ಣೇ ಬಿಡ್ತಿಲ್ಲ.”

“ಗಟ್ಟಿಮುಟ್ಟಾಗಿರೋ ಮಗೂನ ಆಸ್ಪತ್ರೆಗೆ ಕಳಿಸಿ ನಾನು ಕೆಲಸ ಕಳ್ಕೊಳ್ಲಾ? ಕಾರ್ಡಲ್ಲಿ ಇರೋದೇ ಸರಿ. ನಡಿ ಆಚೆ!”

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಲೋಕ ಕಂಡಿದೆ. ಕೂಸು ಸಾಯುವ ಮೊದಲೇ ಅದನ್ನು ಕಾರ್ಡಿನಲ್ಲಿ ಕೊಬ್ಬಿಸಿ ಕಳಿಸುವವರನ್ನು ಇವಳು ಇಂದು ಕಂಡಳು. ಮೈಯೆಲ್ಲ ಉರಿದುಹೋಯಿತು. ಗುಂಡನನ್ನು ಸೊಂಟಕ್ಕೇರಿಸಿಕೊಂಡು ಎದ್ದು, ತನ್ನ ಕೂಸನ್ನು ಎತ್ತಿ ಮೇಡಂ ಮಡಿಲಿಗೆ ಹಾಕಿದಳು.

“ಕಾರ್ಡಲ್ಲಿರೋದೇ ಸರಿ ಅಂದ್ರಲ್ಲ. ಹಂಗಾದ್ರೆ ಇದು ನಂದು, ಅದು ನಿಮ್ದು. ಸಾಕ್ಕೊಳ್ಳಿ.”

“ಲೇ ಬೋಸುಡಿ, ಇಳಿಸೇ ನನ್ನ ಮೊಮ್ಮಗನ್ನ!”

“ಮೊಮ್ಮಗ ಅನ್ನೋಕೆ ಕಾರ್ಡಿದೆಯಾ?”

ತನ್ನ ಸರದಿ ಮುಗಿಸಿ ಬಾಗಿಲಲ್ಲಿದ್ದ ಮಣ್ಣು ಕಲಸುವವಳು ಓಡಿ ಬಂದಳು. “ಅಕ್ಕಾ, ನಿಲ್ಲೇ! ಅದು ನಂದೂ ಹೌದು ಕಣೇ!”

ಅವಳ ಹಿಂದೆ ಉಳಿದವರೂ ನುಗ್ಗಿದರು. ಎಲ್ಲರ ಕೈಯಲ್ಲೂ ಕಾರ್ಡು, ಎಲ್ಲದರ ಮೇಲೂ ಅದೇ ಪುಟ್ಟ ಪಾದ. ಗುಂಡ ಸೊಂಟದಿಂದ ಸೊಂಟಕ್ಕೆ ಹಾರುತ್ತ ನಗುತ್ತಿದ್ದ. ಫೋಟೋದವನು ಯಾರ ತಾಯ್ತನವನ್ನು ಹಿಡಿಯಬೇಕೆಂದು ತಿಳಿಯದೆ ಕ್ಯಾಮೆರಾ ಮುಚ್ಚಿದ.

ಇಟ್ಟಿಗೆ ಹೊರುವವಳು ಹೊಸ್ತಿಲಿಗೆ ಅಡ್ಡ ಕೂತಳು. “ಸುಳ್ಳು ಕಾರ್ಡು ಹರೀರಿ, ಆಸ್ಪತ್ರೆಗೆ ಚೀಟಿ ಬರೀರಿ. ಅಲ್ಲೀವರ್ಗೂ ಒಬ್ರೂ ಆಚೆ ಹೋಗಲ್ಲ.”

ಮೇಡಂ ಪೆನ್ನಿಗೆ ಕೈ ಹಾಕಲಿಲ್ಲ. ಹಾಕಲು ಆಗುತ್ತಲೂ ಇರಲಿಲ್ಲ. ಮಡಿಲಲ್ಲಿದ್ದ ಕೂಸು ಕಣ್ಣು ಮುಚ್ಚಿಕೊಂಡೇ ಅವರ ಬಲಗೈ ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪುತ್ತಿತ್ತು.

“ತಗೊಳ್ರೇ ಇದನ್ನ, ಯಾರಾದ್ರೂ ತಗೊಳ್ರೇ!” ಎಂದು ಅವರು ಬೆರಳು ಕಿತ್ತುಕೊಳ್ಳಲು ನೋಡಿದರು. ಕೂಸು ಬಿಡಲಿಲ್ಲ.