ಸಂಗೀತವಿಲ್ಲದ ಕೊನೆಯ ದೃಶ್ಯ

ಅಕ್ಕ ನಿರ್ದೇಶಿಸಿದ ಮೊದಲ ಕಿರುಚಿತ್ರಕ್ಕೆ ಧ್ವನಿಮುದ್ರಣ ಮಾಡಿದವಳು ತಂಗಿ. ಕೊನೆಯ ದೃಶ್ಯದಲ್ಲಿ ಮುದುಕ ದರ್ಜಿಯೊಬ್ಬ ತನ್ನ ಅಂಗಡಿಯನ್ನು ಶಾಶ್ವತವಾಗಿ ಮುಚ್ಚುತ್ತಾನೆ. ಅಲ್ಲಿ ಪಿಟೀಲು ಬೇಕೇ ಬೇಕು ಎಂದು ಅಕ್ಕ ಪಟ್ಟು ಹಿಡಿದಿದ್ದಳು. "ಬೇಡ ಅಕ್ಕ, ಹೊಲಿಗೆ ಯಂತ್ರದ ಚಕ್ರ ತಿರುಗಿ ತಿರುಗಿ ನಿಲ್ಲೋ ಸದ್ದೊಂದೇ ಸಾಕು," ಎಂದು ತಂಗಿ ವಾರವಿಡೀ ಜಗಳವಾಡಿ ಗೆದ್ದಳು.

ಪ್ರದರ್ಶನದ ದಿನ ಆ ಸದ್ದು ನಿಂತಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆಮೇಲೆ ಪ್ರೇಕ್ಷಕರೊಬ್ಬರು ಎದ್ದು, "ಆ ಮೌನ ನಿಮಗೆ ಹೇಗೆ ಹೊಳೀತು?" ಎಂದು ಕೇಳಿದರು.

ಅಕ್ಕನ ಬಾಯಿಗೆ ತಂಗಿಯ ಹೆಸರು ಬರಲಿಲ್ಲ. "ಚಿಕ್ಕವಳಿದ್ದಾಗ ಅಪ್ಪನ ಜೊತೆ ನೋಡಿದ ಕಪ್ಪು ಬಿಳುಪು ಸಿನಿಮಾಗಳಿಂದ. ನನಗೆ ಪಾಠ ಕಲಿಸಿದ್ದೇ ಅವು," ಎಂದಳು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ತಂಗಿಯೂ ತಟ್ಟಿದಳು.

ಹೊರಗೆ ಬಂದಮೇಲೆ ತಂಗಿ ಕೊಂಕಿಲ್ಲದೆ ಕೇಳಿದಳು: "ಅಕ್ಕ, ಆ ಸಿನಿಮಾಗಳನ್ನ ನಾನೂ ನಿನ್ನ ಪಕ್ಕದಲ್ಲೇ ಕೂತು ನೋಡಿದ್ನಲ್ಲ? ಯಾರಾದ್ರೂ ಸತ್ರೆ ಅರ್ಧ ಗಂಟೆ ಪಿಟೀಲು ಅಳ್ತಿತ್ತು!"

ಅಕ್ಕನಿಗೆ ನಗು ಬಂತು, ಜೊತೆಗೇ ತನ್ನ ತಪ್ಪೂ ಅರಿವಾಯಿತು. ತಂಗಿಯ ಕೈ ಹಿಡಿದು ಮತ್ತೆ ಒಳಗೆ ಓಡಿದಳು. ಜನ ಚದುರಿದ್ದರು, ಮೈಕು ಬಿಚ್ಚಿಯಾಗಿತ್ತು. ಕುರ್ಚಿ ಮಡಚುತ್ತಿದ್ದ ಇಬ್ಬರು ಕೆಲಸಗಾರರಷ್ಟೇ ಉಳಿದಿದ್ದರು. ಅವರೆದುರೇ ಅಕ್ಕ ಗಟ್ಟಿಯಾಗಿ ಹೇಳಿದಳು: "ಆ ಮೌನ ಇವಳದ್ದು. ನಾನು ಸುಳ್ಳು ಹೇಳ್ದೆ."

ಅವರು ಮುಖ ಮುಖ ನೋಡಿಕೊಂಡರು. "ಸರಿ ಬಿಡಮ್ಮ," ಎಂದು ಒಬ್ಬ ಕುರ್ಚಿ ಎತ್ತಿದ.

"ಸಾಕು ಬಾರೇ ಅಕ್ಕ," ಎಂದು ತಂಗಿ ನಾಚಿಕೊಂಡು ತೋಳೆಳೆದಳು. ಆದರೆ ಈ ಮಾತು ಕೇಳಬೇಕಾಗಿದ್ದ ಜನರೆಲ್ಲ ಮನೆಯ ದಾರಿ ಹಿಡಿದಿದ್ದರು. ಅದು ಅಕ್ಕನನ್ನು ಕೊರೆಯುತ್ತಲೇ ಇತ್ತು.